ಕೊಡಗಿನಿಂದ ಒಂದು ದಿನದ ಚರಿತ್ರೆ ಪ್ರವಾಸ: ಮಡಿಕೇರಿಯಾ, ಮೈಸೂರಾ, ಪಿಲಿಕುಳವಾ, ಜಾನಪದ ಲೋಕವಾ?

ದಸರಾ ರಜೆ ಹತ್ತಿರ ಬಂದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ಮನೆಗಳಿಂದ ಬರುತ್ತದೆ. ಮಕ್ಕಳಿಗೆ ಆಟ ಬೇಕು. ಅಜ್ಜ ಅಜ್ಜಿಗೆ ಕೂತು ನೋಡುವಂಥದ್ದು ಏನಾದರೂ ಬೇಕು. ಇಷ್ಟು ದುಡ್ಡು ಹಾಕಿ ಹೋದ ಮೇಲೆ ಮಕ್ಕಳ ತಲೆಗೆ ನಾಲ್ಕು ವಿಷಯ ಹೋಗಲಿ ಅಂತ ಅಪ್ಪ ಅಮ್ಮನ ಆಸೆ. ಬರೀ ನೀರಾಟದ ಪಾರ್ಕ್ ಬೇಡ, ಬರೀ ಮ್ಯೂಸಿಯಂ ಕೂಡ ಬೇಡ. ಹಳೆಯ ಕಾಲವನ್ನು ಆಡುತ್ತಾ ನೋಡುವ ಜಾಗ ಎಲ್ಲಿದೆ?

ನಮ್ಮ ಜಿಲ್ಲೆಯೊಳಗೆ ಕೋಟೆ ಇದೆ, ಅರಮನೆ ಇದೆ, ಗದ್ದಿಗೆ ಇದೆ. ಆದರೆ ಅದಕ್ಕೆಂದೇ ಕಟ್ಟಿದ ಪಾರ್ಕ್ ಬೇಕೆಂದರೆ ಘಟ್ಟ ಇಳಿಯಬೇಕು, ಇಲ್ಲವೇ ಮೈಸೂರು ದಾಟಬೇಕು. ಹತ್ತಿರದ ಜಾಗಗಳಲ್ಲಿ ಆಟ ಕಡಿಮೆ, ಆಟ ಇರುವ ಜಾಗಗಳು ದೂರ. ಇಲ್ಲಿರುವ ತಲೆನೋವೆಲ್ಲ ಇಷ್ಟೇ. ಹಾಗಾಗಿ ಜಾಗದ ಹೆಸರು ಹಿಡಿದು ವಾದ ಮಾಡುವ ಮೊದಲು ನಿಮ್ಮ ಮನೆಯವರನ್ನು ಒಂದು ಸಲ ನೋಡಿ.

ಮೊದಲ ಲೆಕ್ಕ ರಸ್ತೆಯದ್ದು. ನಮ್ಮಲ್ಲಿ ಕಿಲೋಮೀಟರ್ ಲೆಕ್ಕ ಪ್ರಯೋಜನಕ್ಕೆ ಬರುವುದಿಲ್ಲ, ತಿರುವುಗಳ ಲೆಕ್ಕ ಹಾಕಬೇಕು. ಬಯಲುಸೀಮೆಯಲ್ಲಿ ಒಂದೂವರೆ ಗಂಟೆಯ ದಾರಿ ಇಲ್ಲಿ ಎರಡೂವರೆ ಗಂಟೆ. ಹಿಂದಿನ ಸೀಟಿನಲ್ಲಿ ವಾಂತಿ ಮಾಡುವ ಮಗು ಇದ್ದರೆ ಇನ್ನೂ ಅರ್ಧ ಗಂಟೆ ಸೇರಿಸಿ. ಹೋಗಲು ಮೂರು ಗಂಟೆ ದಾಟುತ್ತದೆ ಅಂತಾದರೆ, ಐದು ವರ್ಷದೊಳಗಿನ ಮಗುವನ್ನು ಕರೆದುಕೊಂಡು ಅದೇ ದಿನ ವಾಪಸ್ ಬರುವ ಯೋಜನೆ ಹಾಕಬೇಡಿ. ಬರುವಾಗ ಮಗು ಅಳುತ್ತದೆ, ದೊಡ್ಡವರು ಸಿಡುಕುತ್ತಾರೆ, ನೋಡಿದ್ದೆಲ್ಲ ಮರೆತುಹೋಗುತ್ತದೆ.

ಎರಡನೆಯದು, ಅಲ್ಲಿ ಮಕ್ಕಳು ಮಾಡುವುದೇನು ಅನ್ನುವುದು. ಗಾಜಿನ ಪೆಟ್ಟಿಗೆಯ ಮುಂದೆ ಎಂಟು ವರ್ಷದ ಹುಡುಗ ಹೆಚ್ಚೆಂದರೆ ಇಪ್ಪತ್ತು ನಿಮಿಷ ನಿಲ್ಲುತ್ತಾನೆ. ಹತ್ತಬಹುದಾದದ್ದು, ಒಳಗೆ ನುಗ್ಗಬಹುದಾದದ್ದು, ಯಾರಾದರೂ ಕೈಯಿಂದ ಮಾಡಿ ತೋರಿಸುವಂಥದ್ದು ಏನಾದರೂ ಇದ್ದರೆ ಅದೇ ಹುಡುಗ ಎರಡು ಗಂಟೆ ಅಲುಗುವುದಿಲ್ಲ.

ಮೂರನೆಯದು ಮಂಡಿ ನೋವಿನವರು. ಮೆಟ್ಟಿಲು ಎಷ್ಟು, ಕೂರಲು ಜಾಗ ಎಲ್ಲಿ, ಶೌಚಾಲಯ ಎಷ್ಟು ದೂರ ಅಂತ ಮೊದಲೇ ಕೇಳಿಕೊಳ್ಳಿ. ಇದನ್ನು ಯಾರೂ ಕೇಳುವುದಿಲ್ಲ, ಆಮೇಲೆ ಅಜ್ಜಿ ಇಡೀ ದಿನ ವ್ಯಾನಿನಲ್ಲೇ ಕೂತಿರುತ್ತಾರೆ. ನಾಲ್ಕನೆಯದು ಮಳೆ, ಅದರ ಬಗ್ಗೆ ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ. ಕೊನೆಯದು ದುಡ್ಡು. ಇಂಥ ಪ್ರವಾಸದಲ್ಲಿ ಟಿಕೆಟ್ಟಿಗಿಂತ ವಾಹನ ಮತ್ತು ಊಟಕ್ಕೇ ಜಾಸ್ತಿ ಖರ್ಚಾಗುತ್ತದೆ. ಟಿಕೆಟ್ ಅಗ್ಗ ಅಂತ ದೂರದ ಜಾಗ ಆರಿಸಿದರೆ ಡೀಸೆಲ್ಲಿಗೇ ಅದರ ಹತ್ತು ಪಟ್ಟು ಹೋಗುತ್ತದೆ.

ಈಗ ಮಡಿಕೇರಿಯಿಂದಲೇ ಶುರು ಮಾಡೋಣ. ಹೊರಗಿನವರು ಅಷ್ಟು ದೂರದಿಂದ ಬಂದು ನೋಡುವ ಕೋಟೆಯನ್ನು ನಮ್ಮಲ್ಲಿ ಎಷ್ಟೋ ಜನ ಒಳಗೆ ಹೋಗಿ ಸರಿಯಾಗಿ ನೋಡಿಲ್ಲ. ಕಚೇರಿ ಕೆಲಸಕ್ಕೆ ಅಂತ ಹೋಗಿ ಬಂದದ್ದೇ ಜಾಸ್ತಿ. ಮುದ್ದುರಾಜ ಹದಿನೇಳನೇ ಶತಮಾನದ ಕೊನೆಗೆ ಮಣ್ಣಿನಲ್ಲಿ ಕಟ್ಟಿಸಿದ ಕೋಟೆ ಇದು. ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ. 1790ರಲ್ಲಿ ದೊಡ್ಡವೀರರಾಜೇಂದ್ರ ಮತ್ತೆ ವಶಪಡಿಸಿಕೊಂಡ. ಈಗ ಕಾಣುವ ಅರಮನೆ ಲಿಂಗರಾಜೇಂದ್ರನ ಕಾಲದ್ದು, 1812ರಿಂದ 1814ರ ನಡುವೆ ಕಟ್ಟಿದ್ದು. ಒಳಗೆ ನಿಜವಾದ ಆನೆಯಷ್ಟೇ ದೊಡ್ಡ ಎರಡು ಆನೆ ಪ್ರತಿಮೆಗಳಿವೆ. ರಾಜ ಸಿಟ್ಟಿನಲ್ಲಿ ಆನೆಗಳನ್ನು ಕೊಂದು, ಆಮೇಲೆ ಪಶ್ಚಾತ್ತಾಪಪಟ್ಟು ಇವನ್ನು ಮಾಡಿಸಿದ ಅಂತ ಕಥೆ ಹೇಳುತ್ತಾರೆ. ಕಥೆ ನಿಜವೋ ಸುಳ್ಳೋ, ಮಕ್ಕಳು ಆನೆಯ ಮುಂದೆ ನಿಂತು ಕೇಳುವ ಮೊದಲ ಪ್ರಶ್ನೆಗೆ ಅದೇ ಉತ್ತರ. 1855ರಲ್ಲಿ ಬ್ರಿಟಿಷರು ಕೋಟೆಯೊಳಗೇ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚ್ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಚಿಕ್ಕದು, ಅರ್ಧ ಗಂಟೆಯಲ್ಲಿ ನೋಡಿ ಮುಗಿಯುತ್ತದೆ. ಸೋಮವಾರ ರಜೆ.

ಅಲ್ಲಿಂದ ಗದ್ದಿಗೆ. ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮನ ಸಮಾಧಿ, ಪಕ್ಕದಲ್ಲಿ ಲಿಂಗರಾಜೇಂದ್ರನದ್ದು. ಮಕ್ಕಳಿಗೆ ಒಂದು ಕೆಲಸ ಕೊಡಿ. ದೂರದಿಂದ ನೋಡಿದರೆ ಗುಮ್ಮಟಗಳು ಮಸೀದಿಯ ಹಾಗೆ ಕಾಣುತ್ತವೆ. ಹತ್ತಿರ ಹೋಗಿ ಮೂಲೆ ಮೂಲೆ ನೋಡಿದರೆ ನಂದಿ ಸಿಗುತ್ತದೆ. ಎಷ್ಟು ನಂದಿ ಇವೆ ಎಣಿಸಿ ಬನ್ನಿ ಅಂದರೆ ಸಾಕು, ದೊಡ್ಡವರಿಗೆ ನೆರಳಲ್ಲಿ ಕೂರಲು ಹೊತ್ತು ಸಿಗುತ್ತದೆ. ಟಿಪ್ಪುವಿನ ಸೇನೆಯ ಎದುರು ಹೋರಾಡಿ ಸತ್ತ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳೂ ಅಲ್ಲೇ ಇವೆ.

ಮೂರನೆಯ ನಿಲ್ದಾಣ ಸನ್ನಿಸೈಡ್. ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯ 1906ರಲ್ಲಿ ಹುಟ್ಟಿದ ಮನೆ. 2021ರಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಇದನ್ನು ಮ್ಯೂಸಿಯಂ ಆಗಿ ಉದ್ಘಾಟಿಸಿದರು. 1948ರಲ್ಲಿ ತಿಮ್ಮಯ್ಯನವರು ಕಾಶ್ಮೀರದ ಜೋಜಿಲಾ ಕಣಿವೆಗೆ, ಅಷ್ಟು ಎತ್ತರದ ಹಿಮದಲ್ಲಿ, ಟ್ಯಾಂಕ್ ಹತ್ತಿಸಿದ ಕಥೆಯನ್ನು ಹೋಗುವ ಮೊದಲೇ ಮಕ್ಕಳಿಗೆ ಹೇಳಿಡಿ. ಆಮೇಲೆ ಅವರೇ ನಿಮ್ಮನ್ನು ಎಳೆದುಕೊಂಡು ಹೋಗುತ್ತಾರೆ. ಕೊಡಗಿನಲ್ಲಿ ಯಾವ ಮನೆಯಲ್ಲಿ ಮಿಲಿಟರಿಯವರಿಲ್ಲ ಹೇಳಿ? ಅಜ್ಜ ನಿವೃತ್ತ ಸೈನಿಕರಾದರೆ ಗೈಡ್ ಬೇಕಾಗಿಯೇ ಇಲ್ಲ. ಸುಮ್ನೆ ಅವರ ಹಿಂದೆ ಹೋದರಾಯಿತು.

ಮಡಿಕೇರಿಯ ಲಾಭ ಗೊತ್ತೇ ಇದೆ. ಖರ್ಚು ತೀರಾ ಕಡಿಮೆ, ಸುಸ್ತಾದರೆ ಮನೆಗೆ ಹೋಗಬಹುದು, ಮಳೆ ಬಂದರೆ ಸನ್ನಿಸೈಡ್ ಮತ್ತು ಚರ್ಚಿನೊಳಗೆ ಹೊತ್ತು ಕಳೆಯಬಹುದು. ಕೊರತೆಯೂ ಅಷ್ಟೇ ಸ್ಪಷ್ಟ. ಆಡಲು ಏನೂ ಇಲ್ಲ. ಕಥೆ ಹೇಳುವ ದೊಡ್ಡವರು ಜೊತೆಗಿಲ್ಲದಿದ್ದರೆ ಮಕ್ಕಳಿಗೆ ಇದು ಮೂರು ಹಳೇ ಕಟ್ಟಡ, ಅಷ್ಟೇ. ಶನಿವಾರ, ಭಾನುವಾರ ಮಾತ್ರ ಹೋಗಬೇಡಿ. ಪ್ರವಾಸಿಗರ ಕಾರುಗಳ ನಡುವೆ ರಾಜಾಸೀಟಿನ ದಾರಿಯಲ್ಲೇ ಅರ್ಧ ದಿನ ಹೋಗುತ್ತದೆ.

ವಿರಾಜಪೇಟೆ, ನಾಪೋಕ್ಲು ಕಡೆಯವರಿಗೆ ಇನ್ನೊಂದು ಜಾಗ ಹತ್ತಿರ. ಕಕ್ಕಬೆಯ ಬಳಿ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿರುವ ನಾಲ್ಕುನಾಡು ಅರಮನೆ. 1792ರಿಂದ 1794ರ ನಡುವೆ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ಅರಮನೆ ಅಂದರೆ ಮಕ್ಕಳ ಕಣ್ಣ ಮುಂದೆ ಮೈಸೂರು ಬರುತ್ತದೆ, ಆದ್ದರಿಂದ ಮೊದಲೇ ಹೇಳಿಬಿಡಿ: ಇದು ಹೆಂಚಿನ ಮಾಡಿನ ಎರಡು ಅಂತಸ್ತಿನ ಮನೆ, ಶತ್ರು ಬಂದರೆ ಅಡಗಲು ಕಟ್ಟಿದ್ದು. ಆ ಒಂದು ಮಾತಿನಿಂದ ಆಟ ಶುರುವಾಗುತ್ತದೆ. ಕತ್ತಲೆ ಕೋಣೆಗಳು, ಸಣ್ಣ ಕಿಂಡಿಗಳು, ಮರದ ಕೆತ್ತನೆ. ಒಳಗೆ ನಿಂತು ಕಿಂಡಿಗೆ ಕಣ್ಣಿಟ್ಟರೆ ಅಂಗಳದಲ್ಲಿ ಬರುವವರು ಕಾಣುತ್ತಾರೆ, ಅಂಗಳದಲ್ಲಿ ನಿಂತವರಿಗೆ ಒಳಗಿನವರು ಕಾಣುವುದಿಲ್ಲ. ಇಬ್ಬರು ಮಕ್ಕಳನ್ನು ಒಳಗೆ, ಇಬ್ಬರನ್ನು ಹೊರಗೆ ನಿಲ್ಲಿಸಿ ನೋಡಿ. ಎದುರಿಗೆ ಒಂದು ಮಂಟಪವಿದೆ, ರಾಜನ ಮದುವೆ ನಡೆದ ಜಾಗ. ಕೊನೆಯ ರಾಜ ಚಿಕ್ಕವೀರರಾಜೇಂದ್ರ 1834ರಲ್ಲಿ ಬ್ರಿಟಿಷರು ಬಂದಾಗ ಆಶ್ರಯ ಪಡೆದದ್ದೂ ಇಲ್ಲೇ. ಅವನ ಮಗಳು ಗೌರಮ್ಮನನ್ನು ಲಂಡನ್ನಿಗೆ ಕರೆದುಕೊಂಡು ಹೋದದ್ದು, 1852ರಲ್ಲಿ ವಿಕ್ಟೋರಿಯಾ ರಾಣಿ ಅವಳಿಗೆ ಧರ್ಮಮಾತೆಯಾದದ್ದು, ಇದನ್ನೆಲ್ಲ ಆ ಮಂಟಪದ ಕಟ್ಟೆಯ ಮೇಲೆ ಕೂತು ಹೇಳಿದರೆ ಹೆಣ್ಣುಮಕ್ಕಳು ಬಾಯಿ ಬಿಟ್ಟು ಕೇಳುತ್ತಾರೆ.

ಆದರೆ ಇಲ್ಲಿ ಹೋಟೆಲ್ ಅಂತ ನಂಬಿಕೊಂಡು ಹೋಗಬೇಡಿ. ಅಕ್ಕಿ ರೊಟ್ಟಿಯೋ ಚಿತ್ರಾನ್ನವೋ ಕಟ್ಟಿಕೊಂಡು ಹೋಗಿ. ಮಳೆಗಾಲದಲ್ಲಿ ಜಿಗಣೆ ಇರುತ್ತದೆ. ನಡೆಯಲು ಕಷ್ಟಪಡುವವರಿಗೆ ಸಲ್ಲ. ಎರಡು ಗಂಟೆಯಲ್ಲಿ ಮುಗಿಯುವ ಜಾಗ ಇದು. ಇಡೀ ದಿನ ಬೇಕೆಂದರೆ ಪಾಡಿ ಇಗ್ಗುತ್ತಪ್ಪ ದೇವಸ್ಥಾನ ಸೇರಿಸಿಕೊಳ್ಳಬಹುದು.

ಇನ್ನು ಮೈಸೂರು. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್, ಕುಶಾಲನಗರದಿಂದ 90ರ ಆಸುಪಾಸು. ಆನೆಕಾಡು ದಾಟಿ ಕುಶಾಲನಗರ ಸೇರಿದ ಮೇಲೆ ತಿರುವುಗಳಿಲ್ಲ. ಎಲ್ಲರೂ ಅರಮನೆ, ಝೂ ಅಂತ ಹೊರಡುತ್ತಾರೆ. ಹನ್ನೆರಡು ವರ್ಷದೊಳಗಿನ ಮಕ್ಕಳಿದ್ದರೆ ನಾನು ಮೊದಲು ಹೇಳುವುದು ರೈಲ್ವೆ ಮ್ಯೂಸಿಯಂ. ಸಿಎಫ್‌ಟಿಆರ್‌ಐ ಎದುರು, ರೈಲು ನಿಲ್ದಾಣದ ಹತ್ತಿರವೇ. 1979ರಲ್ಲಿ ಶುರುವಾದದ್ದು. ನಮ್ಮ ಜಿಲ್ಲೆಗೆ ರೈಲೇ ಇಲ್ಲ, ಅಲ್ವಾ? ರೈಲು ಹತ್ತದ ಮಕ್ಕಳು ನಮ್ಮಲ್ಲಿ ಈಗಲೂ ಇದ್ದಾರೆ. ಹಳೆಯ ಉಗಿ ಇಂಜಿನ್ನುಗಳು ಬಯಲಲ್ಲಿ ನಿಂತಿವೆ. ಹಳಿ ಮೇಲೆ ಓಡುವ ಹಾಗೆ ಚಕ್ರ ಬದಲಾಯಿಸಿದ ಒಂದು ಆಸ್ಟಿನ್ ಕಾರು ಇದೆ, ಅದರ ಮುಂದಿನಿಂದ ಗಂಡುಮಕ್ಕಳನ್ನು ಎಬ್ಬಿಸಿಕೊಂಡು ಬರುವುದೇ ಕಷ್ಟ. 1899ರ ಮಹಾರಾಣಿಯ ಸಲೂನ್ ಬೋಗಿ ಇದೆ. ಮಲಗುವ ಕೋಣೆ, ಸ್ನಾನದ ಮನೆ ಎಲ್ಲ ರೈಲಿನೊಳಗೇ. ಪುಟ್ಟ ರೈಲಿನಲ್ಲಿ ಒಂದು ಸುತ್ತು ಹೊಡೆಸುತ್ತಾರೆ. ಜಾಗ ಸಮತಟ್ಟು, ಮರದ ನೆರಳಿದೆ. ಚರಿತ್ರೆ ಮತ್ತು ಆಟ ಒಂದೇ ಆವರಣದಲ್ಲಿ, ಅದೂ ಕಡಿಮೆ ಖರ್ಚಿನಲ್ಲಿ ಬೇಕೆಂದರೆ ಕೊಡಗಿನವರಿಗೆ ಇದಕ್ಕಿಂತ ಹತ್ತಿರದ ಜಾಗ ನನಗೆ ಕಾಣುವುದಿಲ್ಲ.

ಅರಮನೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಹೋದ ಮೇಲೆ ಹೆನ್ರಿ ಇರ್ವಿನ್ ನಕ್ಷೆಯಲ್ಲಿ ಇದನ್ನು ಕಟ್ಟಿದರು, 1912ರಲ್ಲಿ ಮುಗಿಯಿತು. ಚಪ್ಪಲಿ ಹೊರಗೆ ಬಿಡಬೇಕು. ರಜಾ ದಿನಗಳಲ್ಲಿ ಜನ ತಳ್ಳಿಕೊಂಡೇ ಸಾಗಬೇಕು, ವಯಸ್ಸಾದವರ ಕೈ ಬಿಡಬೇಡಿ. ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಸಂಜೆ ಏಳಕ್ಕೆ ದೀಪ ಹಾಕುತ್ತಾರೆ, ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ. ಅದನ್ನು ನೋಡಿ ಹೊರಟರೆ ಮಡಿಕೇರಿ ಸೇರುವಾಗ ರಾತ್ರಿ ಹನ್ನೊಂದು. ಗೋಣಿಕೊಪ್ಪ ಕಡೆಯವರು ಇನ್ನೂ ಯೋಚಿಸಬೇಕು. ಆನೆಚೌಕೂರು, ತಿತಿಮತಿ ನಡುವಿನ ಕಾಡು ದಾರಿಯಲ್ಲಿ ರಾತ್ರಿ ಆನೆ ಎದುರಾಗುವುದು ಹೊಸದೇನಲ್ಲ. ಮಕ್ಕಳು ದೀಪ ನೋಡಲೇಬೇಕು ಅಂತ ಹಟ ಹಿಡಿದರೆ ನೆಂಟರ ಮನೆಯಲ್ಲಿ ಉಳಿಯುವುದು ಒಳ್ಳೆಯದು. ಮೈಸೂರಿನಲ್ಲಿ ನೆಂಟರಿಲ್ಲದ ಕೊಡಗಿನವರು ಕಡಿಮೆ.

ಮೈಸೂರಿನ ಇನ್ನೊಂದು ದೊಡ್ಡ ಲಾಭ ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಅಜ್ಜಿ, ಅಮ್ಮ, ಚಿಕ್ಕಮ್ಮ, ಇಬ್ಬರು ಹೆಣ್ಣುಮಕ್ಕಳು ಇರುವ ಮನೆಗೆ ಹೋಗಿ ಬರುವ ಖರ್ಚು ಗಂಡಸರದ್ದು ಮಾತ್ರ. ಆಧಾರ್ ಮರೆಯಬೇಡಿ. ಐಷಾರಾಮಿ ಬಸ್ಸಿಗೆ ಇದು ಅನ್ವಯಿಸುವುದಿಲ್ಲ. ರೈಲ್ವೆ ಮ್ಯೂಸಿಯಮ್ಮಿಗೂ ಅರಮನೆಗೂ ಆಟೋ ಸಾಕು.

ಮೈಸೂರಿನ ಜೊತೆ ಶ್ರೀರಂಗಪಟ್ಟಣ ಸೇರಿಸುವುದು ಹೈಸ್ಕೂಲು ಮಕ್ಕಳಿದ್ದರೆ ಮಾತ್ರ. ಅಲ್ಲಿಂದ ಹದಿನಾರು ಕಿಲೋಮೀಟರ್. 1784ರ ದರಿಯಾ ದೌಲತ್ ತೇಗದ ಮರದ ಅರಮನೆ. ಅದರ ಗೋಡೆ ತುಂಬ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಕರ್ನಲ್ ಬೇಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ದುರ್ಬೀನು ಹಿಡಿದ ಫ್ರೆಂಚ್ ಲಾಲಿ. ಇವರನ್ನು ಹುಡುಕುವುದೇ ಒಂದು ಆಟ. ಟಿಪ್ಪುವಿನ ವಿಷಯ ಬಂದರೆ ನಮ್ಮ ಮನೆಗಳಲ್ಲಿ ಅಜ್ಜ ಸುಮ್ಮನಿರುವುದಿಲ್ಲ, ಪಾಠದ ಪುಸ್ತಕ ಹೇಳುವುದೂ ಅಜ್ಜ ಹೇಳುವುದೂ ಬೇರೆ. ಎರಡನ್ನೂ ಅಲ್ಲೇ ನಿಂತು ಮಾತಾಡಿ. ಹದಿನಾಲ್ಕರ ಮಕ್ಕಳಿಗೆ ಅಂಥ ಚರ್ಚೆಯೇ ರುಚಿ. ಸಣ್ಣವರಿಗೆ ಇಲ್ಲಿ ಬಿಸಿಲು ಮಾತ್ರ ಸಿಗುತ್ತದೆ.

ನಿಜವಾದ ಪಾರ್ಕ್ ಅಂತ ಕೇಳಿದವರಿಗೆ ಉತ್ತರ ಮಂಗಳೂರಿನ ಪಿಲಿಕುಳ. ವಾಮಂಜೂರಿನ ಹತ್ತಿರ, ಡಾಕ್ಟರ್ ಶಿವರಾಮ ಕಾರಂತರ ಹೆಸರಿನ ನಿಸರ್ಗಧಾಮ. ನೂರಾರು ಎಕರೆ. ಒಳಗೆ ಗುತ್ತಿನ ಮನೆ ಇದೆ, ತುಳುನಾಡಿನ ದೊಡ್ಡ ಮನೆತನಗಳ ಮನೆ ಹೇಗಿತ್ತೋ ಹಾಗೆ ಕಟ್ಟಿದ್ದು. ಕೊಡವ ಮಕ್ಕಳನ್ನು ಅದರ ಚಾವಡಿಯಲ್ಲಿ ನಿಲ್ಲಿಸಿ, ನಮ್ಮ ಐನ್‌ಮನೆಗೂ (ಕೊಡವ ಮನೆತನದ ಮೂಲ ಮನೆ) ಇದಕ್ಕೂ ಏನು ವ್ಯತ್ಯಾಸ ಅಂತ ಕೇಳಿ ನೋಡಿ. ಕಂಬ, ಅಂಗಳ, ಹಿರಿಯರು ಕೂರುವ ಜಾಗ ಎಲ್ಲವನ್ನೂ ತಾಳೆ ಹಾಕಲು ಶುರು ಮಾಡುತ್ತಾರೆ. ಪಕ್ಕದ ಕುಶಲಕರ್ಮಿಗಳ ಗ್ರಾಮದಲ್ಲಿ ಕುಂಬಾರಿಕೆ, ನೇಯ್ಗೆ, ಬೆತ್ತ ಬಿದಿರಿನ ಕೆಲಸ. ಚಕ್ರದ ಮೇಲೆ ಮಣ್ಣು ಏರುವುದನ್ನು, ಕುಂಬಾರನ ಹೆಬ್ಬೆರಳು ಒತ್ತಿದ ಕಡೆ ಅದು ಬಾಯಿ ತೆರೆಯುವುದನ್ನು ಒಂದಡಿ ದೂರದಿಂದ ನೋಡಿದ ಮಗು ಆಮೇಲೆ ಗಾಜಿನ ಪೆಟ್ಟಿಗೆಯ ಹಳೇ ಮಡಕೆಯನ್ನು ಸುಮ್ನೆ ದಾಟಿ ಹೋಗುವುದಿಲ್ಲ. ಇದಲ್ಲದೆ ಮೃಗಾಲಯ, ವಿಜ್ಞಾನ ಕೇಂದ್ರ, ತ್ರೀಡಿ ತಾರಾಲಯ, ದೋಣಿ, ನೀರಾಟದ ಪಾರ್ಕ್ ಎಲ್ಲವೂ ಅದೇ ಆವರಣದಲ್ಲಿ.

ತೊಂದರೆ ಎರಡು. ಒಂದು, ಎಲ್ಲವನ್ನೂ ಒಂದೇ ದಿನ ನೋಡುತ್ತೇವೆ ಅಂತ ಹೊರಟರೆ ಯಾವುದೂ ಆಗುವುದಿಲ್ಲ. ಮಕ್ಕಳಿಗೆ ಹುಲಿ ಕಂಡರೆ ಗುತ್ತಿನ ಮನೆ ಯಾರಿಗೆ ಬೇಕು? ಚರಿತ್ರೆಗಾಗಿ ಹೋಗುವವರು ಗುತ್ತಿನ ಮನೆ, ಕುಶಲಕರ್ಮಿಗಳ ಗ್ರಾಮ ಮೊದಲು ಮುಗಿಸಿ, ಆಮೇಲೆ ಮೃಗಾಲಯ. ನೀರಾಟವನ್ನು ಬಿಟ್ಟುಬಿಡಿ, ಅದಕ್ಕೆ ಬೇರೆ ದಿನ ಬೇಕು. ಬೇರೆ ಬೇರೆ ವಿಭಾಗಗಳಿಗೆ ದುಡ್ಡು ಕೊಡಬೇಕಾಗುವುದರಿಂದ ಇಲ್ಲಿ ಟಿಕೆಟ್ ಖರ್ಚೂ ಏರುತ್ತದೆ. ಎರಡನೆಯದು ದಾರಿ. ಮಡಿಕೇರಿಯಿಂದ ಸಂಪಾಜೆ, ಸುಳ್ಯ, ಪುತ್ತೂರು ದಾಟಿ 135 ಕಿಲೋಮೀಟರಿನಷ್ಟು. ಮೂರೂವರೆ ಗಂಟೆ ಹಿಡಿಯಿರಿ. ಸಂಪಾಜೆ ಘಾಟಿಯಲ್ಲಿ ಖಾಲಿ ಹೊಟ್ಟೆಯಲ್ಲೂ ಬೇಡ, ಹೊಟ್ಟೆ ಬಿರಿಯ ತಿಂದೂ ಬೇಡ. ಸುಳ್ಯದಲ್ಲಿ ಇಳಿದು ತಿಂಡಿ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಚನೆಯನ್ನೇ ಬಿಡಿ. 2018ರಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಈ ರಸ್ತೆ ಮುಚ್ಚಿದ್ದು ಯಾರಿಗೂ ಮರೆತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ರಸ್ತೆ ಸರಿ, ಆದರೆ ಕರಾವಳಿಯ ಸೆಕೆ ನಮ್ಮ ಮಕ್ಕಳಿಗೆ ತಡೆಯದು. ಡಿಸೆಂಬರ್ ಎಲ್ಲಕ್ಕಿಂತ ಒಳ್ಳೆಯದು, ಕಾಫಿ ಕುಯ್ಲು ನಿಮ್ಮನ್ನು ಬಿಟ್ಟರೆ.

ರಾಮನಗರದ ಜಾನಪದ ಲೋಕ ಮನಸ್ಸಿಗೆ ಹತ್ತಿರ, ಊರಿಗೆ ದೂರ. ಎಚ್.ಎಲ್. ನಾಗೇಗೌಡರು 1994ರಲ್ಲಿ ತೆರೆದದ್ದು, 15 ಎಕರೆ. ಹಳ್ಳಿ ಮನೆಯ ಸಾಮಾನು, ಅಳತೆಯ ಸೇರು ಪಾವು, ತೊಗಲುಬೊಂಬೆ, ಸೋಮನ ಮುಖ, ನೇಗಿಲು ನೊಗ. ಇಲ್ಲಿ ಚೆನ್ನಾಗಿ ಮಾತಾಡುವವರು ಅಜ್ಜಿಯರು. "ಇದರಲ್ಲಿ ನಾನು ರಾಗಿ ಬೀಸಿದ್ದೆ" ಅಂತ ಶುರು ಮಾಡಿದರೆ ಫಲಕ ಓದುವ ಅಗತ್ಯವೇ ಇಲ್ಲ. ಆದರೆ ಮಡಿಕೇರಿಯಿಂದ 200 ಕಿಲೋಮೀಟರಿಗೂ ಜಾಸ್ತಿ. ಹೊಸ ಎಕ್ಸ್‌ಪ್ರೆಸ್‌ವೇ ರಾಮನಗರದ ಹೊರಗೇ ಹಾದುಹೋಗುತ್ತದೆ, ಇಳಿಯುವ ದಾರಿ ತಪ್ಪಿದರೆ ಬಿಡದಿಯೇ ಗತಿ. ಇದಕ್ಕಾಗಿಯೇ ಒಂದು ದಿನ ಹೊರಡುವುದನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿಗೆ ಮದುವೆಗೋ ಆಸ್ಪತ್ರೆಗೋ ಹೋಗುವಾಗ ದಾರಿಯಲ್ಲಿ ಮೂರು ಗಂಟೆ ಇಟ್ಟುಕೊಳ್ಳಿ, ಅದೇ ಸರಿಯಾದ ಕ್ರಮ.

ಸೋಮವಾರಪೇಟೆ, ಶನಿವಾರಸಂತೆ ಕಡೆಯವರಿಗೆ ಇವೆಲ್ಲಕ್ಕಿಂತ ಸಕಲೇಶಪುರದ ಮಂಜರಾಬಾದ್ ಕೋಟೆ ಸುಲಭ. 1792ರಲ್ಲಿ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರ. ಮೆಟ್ಟಿಲು ಜಾಸ್ತಿ, ಹಾಗಾಗಿ ಹಿರಿಯರನ್ನು ಬಿಟ್ಟು ಯುವಕರು ಮಾತ್ರ ಹೋಗುವ ದಿನಕ್ಕೆ ಸರಿ.

ಮನೆಯಲ್ಲಿ ಐದು ವರ್ಷದೊಳಗಿನ ಮಗು, ಎಪ್ಪತ್ತು ದಾಟಿದ ಅಜ್ಜಿ ಇಬ್ಬರೂ ಇದ್ದರೆ ಮೈಸೂರು ರೈಲ್ವೆ ಮ್ಯೂಸಿಯಂ ನೋಡಿ, ಊಟ ಮಾಡಿ, ಬೆಳಕಿರುವಾಗಲೇ ಹೊರಟುಬಿಡಿ. ಅರಮನೆ ಎಲ್ಲಿಗೂ ಓಡಿಹೋಗುವುದಿಲ್ಲ. ದುಡ್ಡು ಬಿಗಿ ಇದ್ದರೆ ಮಡಿಕೇರಿ, ಅಥವಾ ಬಸ್ಸಿನಲ್ಲಿ ಮೈಸೂರು. ಎಂಟರಿಂದ ಹದಿನಾಲ್ಕರ ಮಕ್ಕಳು ಗುಂಪಾಗಿದ್ದು, ಎರಡು ಮನೆಯವರು ಸೇರಿ ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡರೆ ಪಿಲಿಕುಳದ ಖರ್ಚು ತಲೆಗೆ ಹಗುರವಾಗುತ್ತದೆ. ಆಗ ಬೆಳಗ್ಗೆ ಆರಕ್ಕೇ ಹೊರಡಬೇಕು.

ಇನ್ನೊಂದು ವಿಷಯ ತೋಟದ ಮನೆಗಳಿಗೆ. ನಮ್ಮಲ್ಲಿ ಬಿಡುವು ಸಿಗುವುದು ಸಂತೆಯ ದಿನ. ಸೋಮವಾರಪೇಟೆಯ ಸಂತೆ ಸೋಮವಾರ, ಅವತ್ತು ಮಡಿಕೇರಿ ಕೋಟೆಯ ಮ್ಯೂಸಿಯಂ ಮತ್ತು ಪಿಲಿಕುಳದ ಮೃಗಾಲಯ ಎರಡಕ್ಕೂ ರಜೆ. ಕುಶಾಲನಗರದ ಸಂತೆ ಮಂಗಳವಾರ, ಅವತ್ತು ಜಾನಪದ ಲೋಕ ಮುಚ್ಚಿರುತ್ತದೆ, ಮೈಸೂರು ಝೂ ಕೂಡ. ಮಡಿಕೇರಿಯವರ ಶುಕ್ರವಾರಕ್ಕೆ ಈ ಯಾವ ತಾಪತ್ರಯವೂ ಇಲ್ಲ. ಮೈಸೂರು ಅರಮನೆ ವಾರವಿಡೀ ತೆರೆದಿರುವುದರಿಂದ ಸೋಮವಾರ, ಮಂಗಳವಾರ ಮಾತ್ರ ಬಿಡುವಿರುವವರು ಆ ಕಡೆಗೇ ಹೊರಡುವುದು ಲೇಸು. ರೈಲ್ವೆ ಮ್ಯೂಸಿಯಮ್ಮಿಗೆ ಹಿಂದಿನ ದಿನ ಒಂದು ಫೋನ್ ಮಾಡಿ ತೆರೆದಿದೆಯಾ ಅಂತ ಕೇಳಿಕೊಂಡೇ ಗಾಡಿ ಹತ್ತಿ.